ಕಡ್ಡಿಗೆ ಸಿಕ್ಕಿಸಿ ಚಾಕೊಲೇಟಿನಲ್ಲಿ ಅದ್ದಿದ ಬ್ರೌನಿ: ಮನೆಯ ಪಾರ್ಟಿಗೂ ಮಾರಾಟದ ಮಳಿಗೆಗೂ ಸಮಗ್ರ ಮಾರ್ಗದರ್ಶಿ

ಹುಟ್ಟುಹಬ್ಬದ ಕೂಟದಲ್ಲಾಗಲಿ, ಶಾಲೆಯ ಮಕ್ಕಳ ಸಂತೆಯಲ್ಲಾಗಲಿ ಬ್ರೌನಿಯನ್ನು, ಅಂದರೆ ಚಾಕೊಲೇಟಿನ ಒತ್ತಾದ ಚಪ್ಪಟೆ ಕೇಕನ್ನು, ಹಾಗೆಯೇ ಇಟ್ಟರೆ ತಟ್ಟೆ, ಚಮಚ, ಕೈ ಒರೆಸುವ ಕಾಗದ ಎಲ್ಲವನ್ನೂ ಒದಗಿಸಬೇಕಾಗುತ್ತದೆ. ಅದೇ ಬ್ರೌನಿಯ ತುಂಡನ್ನು ಕಡ್ಡಿಗೆ ಸಿಕ್ಕಿಸಿ, ಸುತ್ತಲೂ ತೆಳುವಾದ ಚಾಕೊಲೇಟ್ ಹೊದಿಕೆ ಕೊಟ್ಟರೆ ಐದು ವರ್ಷದ ಮಗುವೂ ಒಂದೇ ಕೈಯಲ್ಲಿ ಹಿಡಿದು ಓಡಾಡುತ್ತಾ ತಿನ್ನಬಹುದು. ಹೊದಿಕೆಯೊಳಗೆ ಬ್ರೌನಿ ಬೇಗ ಒಣಗದೆ ಇರುವುದರಿಂದ ಹಿಂದಿನ ದಿನವೇ ಮಾಡಿಟ್ಟುಕೊಳ್ಳಲೂ ಬರುತ್ತದೆ. ಅಮೆರಿಕದಲ್ಲಿ ಶಾಲೆ, ಚರ್ಚುಗಳಿಗೆ ಹಣ ಕೂಡಿಸಲೆಂದು ಮನೆಮನೆಯವರು ಬೇಯಿಸಿ ತಂದು ಮಾರುವ ಬೇಕ್ ಸೇಲ್‌ಗಳಲ್ಲಿ ಇಂಥ ಕಡ್ಡಿ ತಿನಿಸುಗಳು ಬಳಕೆಯಲ್ಲಿವೆ. ಈಗ ನಮ್ಮ ಊರುಗಳ ಅಪಾರ್ಟ್‌ಮೆಂಟ್ ಸಂತೆಗಳಲ್ಲಿ, ಮನೆಯಲ್ಲೇ ಬೇಕಿಂಗ್ ಮಾಡುವವರ ಮೇಜಿನ ಮೇಲೂ ಅವು ಕಾಣಸಿಗುತ್ತವೆ.

ಇದನ್ನು ಮಾಡಲು ಕೈಚಳಕಕ್ಕಿಂತ ಹೆಚ್ಚಾಗಿ ಉಷ್ಣತೆಯ ಅರಿವು ಬೇಕು. ಬ್ರೌನಿ ಎಷ್ಟು ತಣ್ಣಗಿರಬೇಕು, ಚಾಕೊಲೇಟ್ ಎಷ್ಟು ಬೆಚ್ಚಗಿರಬೇಕು, ಅದ್ದಿದ ಮೇಲೆ ಎಂಥ ಜಾಗದಲ್ಲಿ ಆರಬೇಕು ಎಂಬ ಮೂರು ಪ್ರಶ್ನೆಗಳಿಗೆ ಸರಿಯಾದ ಉತ್ತರ ತಿಳಿದಿದ್ದರೆ ಕಡ್ಡಿ ಜಾರುವುದು, ಹೊದಿಕೆ ಬಿರುಕು ಬಿಡುವುದು, ಮೇಲೆ ಬೂದು ಬಣ್ಣದ ಮಚ್ಚೆ ಏಳುವುದು ಇವೆಲ್ಲ ಬಹುಮಟ್ಟಿಗೆ ತಪ್ಪುತ್ತವೆ. ಆದ್ದರಿಂದ ಅಡುಗೆಮನೆಯಲ್ಲಿ ಬಳಸುವ ಒಂದು ಸಾಧಾರಣ ಡಿಜಿಟಲ್ ಥರ್ಮಾಮೀಟರನ್ನು ಮೊದಲೇ ಕೊಂಡಿಟ್ಟುಕೊಳ್ಳುವುದು ಒಳ್ಳೆಯದು. ಅಲಂಕಾರದ ಸಾಮಾನಿಗೆ ಹಣ ಹಾಕುವುದಕ್ಕಿಂತ ಇದಕ್ಕೆ ಹಾಕಿದ ಹಣ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಉಂಡೆಯೋ, ಕತ್ತರಿಸಿದ ತುಂಡೋ

ಕಡ್ಡಿ ಬ್ರೌನಿಯನ್ನು ಎರಡು ಬಗೆಯಲ್ಲಿ ಮಾಡುತ್ತಾರೆ. ಬೆಂದ ಬ್ರೌನಿಯನ್ನು ಪುಡಿಮಾಡಿ, ಕೈಯಲ್ಲಿ ನಾದಿ, ಉಂಡೆ ಕಟ್ಟಿ ಕಡ್ಡಿ ಸಿಕ್ಕಿಸುವುದು ಒಂದು. ಬ್ರೌನಿಯನ್ನು ಆಯತಾಕಾರದ ತುಂಡುಗಳಾಗಿ ಕತ್ತರಿಸಿ ಹಾಗೆಯೇ ಅದ್ದುವುದು ಇನ್ನೊಂದು. ಉಂಡೆ ನೋಡಲು ಚೆಂದ, ಆದರೆ ನಾದಿದಾಗ ಬ್ರೌನಿಯ ಪದರವೂ ಮೇಲ್ಭಾಗದ ತೆಳ್ಳನೆಯ ಗರಿಗರಿಯೂ ಕಳೆದುಹೋಗಿ, ಎಲ್ಲವೂ ಒಂದೇ ಹದದ ಮುದ್ದೆಯಾಗುತ್ತದೆ. ಬ್ರೌನಿಯನ್ನು ಬ್ರೌನಿಯಾಗಿಯೇ ತಿನ್ನಿಸಬೇಕೆಂದಿದ್ದರೆ ಕತ್ತರಿಸುವ ವಿಧಾನವೇ ಮೇಲು. ಅಂಚು ಕತ್ತರಿಸಿದಾಗ ಉಳಿಯುವ ಚೂರುಗಳನ್ನು ಉಂಡೆ ಕಟ್ಟಿ ಚಿಕ್ಕ ಮಕ್ಕಳಿಗೆ ಕೊಟ್ಟರೆ ಏನೂ ವ್ಯರ್ಥವಾಗುವುದಿಲ್ಲ. ಚೂರುಗಳು ಒಣಗಿ ಉಂಡೆ ಕಟ್ಟಲು ಬಾರದಿದ್ದರೆ ಒಂದೆರಡು ಚಮಚ ಕರಗಿದ ಚಾಕೊಲೇಟ್ ಬೆರೆಸಿದರೆ ಸಾಕು.

ಬ್ರೌನಿ ಬೇಯಿಸುವುದು

20 ಸೆಂ.ಮೀ. (8 ಇಂಚು) ಚೌಕದ ಒಂದು ಟಿನ್ನಿಗೆ ಉಪ್ಪಿಲ್ಲದ ಬೆಣ್ಣೆ 150 ಗ್ರಾಂ, ಡಾರ್ಕ್ ಚಾಕೊಲೇಟ್ 150 ಗ್ರಾಂ, ಸಕ್ಕರೆ 200 ಗ್ರಾಂ, ಮೊಟ್ಟೆ 3, ಮೈದಾ 90 ಗ್ರಾಂ, ಸಿಹಿ ಬೆರೆಸದ ಕೋಕೋ ಪುಡಿ 30 ಗ್ರಾಂ, ಕಾಲು ಟೀ ಚಮಚ ಉಪ್ಪು, ಒಂದು ಟೀ ಚಮಚ ವೆನಿಲ್ಲಾ ಎಸೆನ್ಸ್ ಬೇಕು. ಒಂದು ಟೀ ಚಮಚ ಇನ್‌ಸ್ಟಂಟ್ ಕಾಫಿ ಪುಡಿ ಸೇರಿಸಿದರೆ ಕಾಫಿಯ ರುಚಿ ಎದ್ದು ಕಾಣದೆ ಚಾಕೊಲೇಟಿನ ರುಚಿ ಗಾಢವಾಗುತ್ತದೆ. ಅಂಗಡಿಯ ಉಪ್ಪು ಬೆಣ್ಣೆಯನ್ನೇ ಬಳಸುವುದಾದರೆ ಬೇರೆ ಉಪ್ಪು ಹಾಕಬಾರದು. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ನೀರಿನಂಶ ಹೆಚ್ಚಿರುವುದರಿಂದ ಅದನ್ನು ಚೆನ್ನಾಗಿ ಹಿಂಡಿ, ಫ್ರಿಜ್‌ನಲ್ಲಿಟ್ಟು ಗಟ್ಟಿಯಾದ ಮೇಲೆ ತೂಗಿಕೊಳ್ಳಬೇಕು.

ಓಟಿಜಿಯನ್ನು (ಮನೆಬಳಕೆಯ ಸಣ್ಣ ವಿದ್ಯುತ್ ಓವನ್) ಮೇಲಿನ ಕೆಳಗಿನ ಎರಡೂ ರಾಡ್ ಉರಿಯುವಂತೆ 170 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು ಹದಿನೈದು ನಿಮಿಷ ಬಿಸಿಯಾಗಲು ಬಿಡಬೇಕು. ಟಿನ್ನಿಗೆ ಎರಡು ಬದಿಯಲ್ಲಿ ಹೊರಕ್ಕೆ ಚಾಚಿರುವಂತೆ ಬಟರ್ ಪೇಪರ್ ಹಾಸಿದರೆ ಆಮೇಲೆ ಇಡೀ ಬ್ರೌನಿಯನ್ನು ಒಟ್ಟಿಗೆ ಮೇಲೆತ್ತಬಹುದು. ಕುದಿಯುವ ನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು ಬೆಣ್ಣೆಯನ್ನೂ ಚಾಕೊಲೇಟನ್ನೂ ಕರಗಿಸಿ, ಕೆಳಗಿಳಿಸಿ, ಬೆಚ್ಚಗಿರುವಾಗಲೇ ಸಕ್ಕರೆ ಹಾಕಿ ಕಲಸಬೇಕು. ಬೆರಳಿಗೆ ಸುಡದಷ್ಟು ಆರಿದ ಮೇಲೆ ಮೊಟ್ಟೆಗಳನ್ನು ಒಂದೊಂದಾಗಿ ಒಡೆದು ಹಾಕಿ, ವೆನಿಲ್ಲಾ ಎಸೆನ್ಸ್ ಸೇರಿಸಿ, ಮಿಶ್ರಣ ಹೊಳಪೇರಿ ಗಟ್ಟಿಯಾಗುವವರೆಗೆ ಎರಡು ನಿಮಿಷ ಬಿಡದೆ ಬಡಿಯಬೇಕು. ಬ್ರೌನಿಯ ಮೇಲೆ ಕಾಗದದಂಥ ಮಿನುಗುವ ಪದರ ಏಳುವುದು ಹೀಗೆ ಸಕ್ಕರೆ ಕರಗಿದಾಗಲೇ. ಕೊನೆಗೆ ಮೈದಾ, ಕೋಕೋ, ಉಪ್ಪು, ಬಳಸುವುದಾದರೆ ಕಾಫಿ ಪುಡಿ ಇವನ್ನು ಜರಡಿ ಹಿಡಿದು ಹಾಕಿ, ಬಿಳಿ ಗೆರೆ ಮರೆಯಾಗುವಷ್ಟು ಮಾತ್ರ ಮಗುಚಿ ನಿಲ್ಲಿಸಬೇಕು. ಇಲ್ಲಿ ಬೇಕಿಂಗ್ ಪೌಡರ್ ಬೇಡ, ಏಕೆಂದರೆ ಉಬ್ಬಿ ಹಗುರಾದ ಬ್ರೌನಿ ಕಡ್ಡಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದಿಲ್ಲ.

25ರಿಂದ 28 ನಿಮಿಷ ಬೇಯಿಸಿ, ನಡುವೆ ಟೂತ್‌ಪಿಕ್ ಚುಚ್ಚಿ ನೋಡಬೇಕು. ಹಸಿ ಹಿಟ್ಟು ಅಂಟಿದರೆ ಇನ್ನೂ ಬೇಯಬೇಕು. ಒದ್ದೆಯಾದ ಒಂದೆರಡು ಚೂರು ಮಾತ್ರ ಅಂಟಿದರೆ ಹದ ಬಂದಿದೆ. ತಟ್ಟೆಯಲ್ಲಿ ಹಾಕಿಕೊಡುವ ಬ್ರೌನಿಗಿಂತ ಕಡ್ಡಿಯ ಬ್ರೌನಿ ಒಂದೆರಡು ನಿಮಿಷ ಹೆಚ್ಚೇ ಬೇಯಲಿ, ಏಕೆಂದರೆ ನಡುಭಾಗ ತೀರಾ ಮೆತ್ತಗಿದ್ದರೆ ತುಂಡು ತನ್ನ ಭಾರಕ್ಕೇ ಕಡ್ಡಿಯಿಂದ ಕಳಚಿಕೊಳ್ಳುತ್ತದೆ. ಒಂದೊಂದು ಓಟಿಜಿಯ ಬಿಸಿ ಒಂದೊಂದು ರೀತಿ ಇರುವುದರಿಂದ ಗಡಿಯಾರಕ್ಕಿಂತ ಟೂತ್‌ಪಿಕ್ಕನ್ನೇ ನಂಬಬೇಕು.

ಮೊಟ್ಟೆ ತಿನ್ನದವರು ಬರುವ ಕೂಟವಾದರೆ ಮೂರು ಮೊಟ್ಟೆಯ ಬದಲು 120 ಗ್ರಾಂ ಗಟ್ಟಿ ಮೊಸರು ಮತ್ತು 60 ಮಿ.ಲೀ. ಹಾಲು ಹಾಕಿ, ಮೈದಾವನ್ನು 120 ಗ್ರಾಂಗೆ ಏರಿಸಿ, ಅರ್ಧ ಟೀ ಚಮಚ ಬೇಕಿಂಗ್ ಪೌಡರ್ ಸೇರಿಸಬಹುದು. ಮೊಟ್ಟೆಯಿಲ್ಲದ ಹಿಟ್ಟು ಬೇಕಿಂಗ್ ಪೌಡರ್ ಇಲ್ಲದೆ ಕಲ್ಲಿನಂತೆ ಕೂರುತ್ತದೆ. ಈ ಬ್ರೌನಿಯ ಮೇಲೆ ಮಿನುಗುವ ಪದರ ಬರುವುದಿಲ್ಲ, ಆದರೆ ಹೇಗೂ ಚಾಕೊಲೇಟ್ ಅದನ್ನು ಮುಚ್ಚುವುದರಿಂದ ಕೊರತೆ ಕಾಣದು. ಪಾತ್ರೆ, ಸೌಟು, ಅದ್ದುವ ಚಾಕೊಲೇಟ್ ಎಲ್ಲವನ್ನೂ ಬೇರೆಯಾಗಿಯೇ ಇಟ್ಟುಕೊಳ್ಳಬೇಕು. ನಂಬಿ ತಿನ್ನುವವರ ವಿಷಯದಲ್ಲಿ ಈ ಎಚ್ಚರವನ್ನು ಸಡಿಲಿಸುವಂತಿಲ್ಲ.

ತಣಿಸುವುದು, ಕತ್ತರಿಸುವುದು, ಕಡ್ಡಿ ಸಿಕ್ಕಿಸುವುದು

ಬೆಂದ ಬ್ರೌನಿಯನ್ನು ಟಿನ್ನಿನಲ್ಲೇ ಪೂರ್ತಿ ಆರಲು ಬಿಟ್ಟು, ಮುಚ್ಚಿ, ರಾತ್ರಿಯಿಡೀ ಫ್ರಿಜ್‌ನಲ್ಲಿ ಇಡಬೇಕು. ಅವಸರವಿದ್ದರೂ ನಾಲ್ಕು ಗಂಟೆಗೆ ಕಡಿಮೆ ಇಡಬಾರದು. ಬೆಣ್ಣೆಯೂ ಚಾಕೊಲೇಟೂ ಗಟ್ಟಿಯಾದ ಮೇಲೆ ಮಾತ್ರ ಅಂಚು ಚೊಕ್ಕವಾಗಿ ಕತ್ತರಿಸಲು ಬರುತ್ತದೆ. ನಾಲ್ಕೂ ಬದಿಯಲ್ಲಿ ಒಂದೊಂದು ಸೆಂ.ಮೀ. ಅಂಚು ತೆಗೆದರೆ 18 ಸೆಂ.ಮೀ. ಚೌಕ ಉಳಿಯುತ್ತದೆ, ಅದನ್ನು ಒಂದು ಕಡೆ ಆರು, ಇನ್ನೊಂದು ಕಡೆ ನಾಲ್ಕು ಭಾಗ ಮಾಡಿದರೆ 3 ಸೆಂ.ಮೀ. ಅಗಲ, 4.5 ಸೆಂ.ಮೀ. ಉದ್ದದ 24 ತುಂಡುಗಳು ಸಿಗುತ್ತವೆ. ಪ್ರತಿ ತುಂಡಿನ ತೂಕ ಸುಮಾರು 25 ಗ್ರಾಂ. ಇದಕ್ಕಿಂತ ದೊಡ್ಡದು ಮಾಡಬೇಕೆಂದು ಅನ್ನಿಸಿದರೂ ಮಾಡದಿರುವುದೇ ಒಳಿತು, ಏಕೆಂದರೆ ಭಾರ ಹೆಚ್ಚಿದಷ್ಟೂ ಜಾರುವುದೂ ಹೆಚ್ಚು, ಮಕ್ಕಳು ಅರ್ಧಕ್ಕೇ ಬಿಡುವುದೂ ಹೆಚ್ಚು. ಉದ್ದನೆಯ ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಗರಗಸದಂತೆ ಎಳೆಯದೆ ಮೇಲಿಂದ ಒತ್ತಿ ಕತ್ತರಿಸಬೇಕು, ಪ್ರತಿ ಸಲವೂ ಚಾಕು ಒರೆಸಿಕೊಳ್ಳಬೇಕು.

ಕಡ್ಡಿಯ ಆಯ್ಕೆ ಅನೇಕರು ಗಮನ ಕೊಡದ ವಿಷಯ. ದುಂಡನೆಯ ಕಾಗದದ ಕಡ್ಡಿ ಉಂಡೆಗೆ ಸರಿ, ಆಯತದ ತುಂಡಿಗೆ ಅದನ್ನು ಬಳಸಿದರೆ ತುಂಡು ಕಡ್ಡಿಯ ಸುತ್ತ ತಿರುಗತೊಡಗುತ್ತದೆ. ಐಸ್‌ಕ್ರೀಮಿಗೆ ಬಳಸುವ ಚಪ್ಪಟೆ ಮರದ ಕಡ್ಡಿಯಾದರೆ ತಿರುಗದೆ ನಿಲ್ಲುತ್ತದೆ. ಪ್ಲಾಸ್ಟಿಕ್ ಕಡ್ಡಿಯನ್ನು ಕೊಳ್ಳಲೇಬಾರದು. ಮಿಠಾಯಿ ಮತ್ತು ಐಸ್‌ಕ್ರೀಮಿನ ಪ್ಲಾಸ್ಟಿಕ್ ಕಡ್ಡಿಗಳನ್ನು 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧಿಸಲಾಗಿದೆ. ಆಹಾರಕ್ಕೆಂದೇ ತಯಾರಾದ ಕಡ್ಡಿಯನ್ನೇ ಕೇಳಿ ತರಬೇಕು, ಕರಕುಶಲ ಸಾಮಗ್ರಿಯ ಅಂಗಡಿಯ ಬಣ್ಣದ ಕಡ್ಡಿ ಈ ಕೆಲಸಕ್ಕೆ ಸಲ್ಲದು.

ಕಡ್ಡಿಯ ತುದಿಯನ್ನು ಒಂದೂವರೆ ಸೆಂ.ಮೀ.ನಷ್ಟು ಕರಗಿದ ಚಾಕೊಲೇಟಿನಲ್ಲಿ ಅದ್ದಿ, ತುಂಡಿನ ಕಿರಿದಾದ ಬದಿಯ ನಡುವಿನಲ್ಲಿಟ್ಟು, ಇನ್ನೊಂದು ಕೈಯ ಬೆರಳುಗಳಿಂದ ತುಂಡಿನ ಎರಡೂ ಮುಖವನ್ನು ಮೆಲ್ಲಗೆ ಒತ್ತಿ ಹಿಡಿದು, ಅರ್ಧಕ್ಕಿಂತ ತುಸು ಹೆಚ್ಚು ಆಳಕ್ಕೆ ನೇರವಾಗಿ ತಳ್ಳಬೇಕು. ಒಳಹೋಗುವಾಗ ಚಾಕೊಲೇಟ್ ಸ್ವಲ್ಪ ಹಿಂದಕ್ಕೆ ಸರಿದು ಕಡ್ಡಿಯ ಬುಡದಲ್ಲಿ ಉಂಗುರದಂತೆ ನಿಲ್ಲುತ್ತದೆ. ಅದನ್ನು ಒರೆಸಬಾರದು, ಬೀಗದಂತೆ ಹಿಡಿಯುವುದು ಅದೇ. ಎಲ್ಲ ತುಂಡುಗಳನ್ನೂ ತಟ್ಟೆಯ ಮೇಲೆ ಮಲಗಿಸಿ 20 ನಿಮಿಷ ಫ್ರಿಜ್‌ನಲ್ಲಿಟ್ಟರೆ ಕಡ್ಡಿ ಗಟ್ಟಿಯಾಗಿ ಕೂರುತ್ತದೆ. ಈ ವಿರಾಮವನ್ನು ಬಿಟ್ಟು ನೇರವಾಗಿ ಅದ್ದಲು ಹೋದರೆ ತುಂಡು ಚಾಕೊಲೇಟಿನ ಲೋಟದೊಳಗೇ ಉಳಿದು, ಬರಿಯ ಕಡ್ಡಿ ಕೈಗೆ ಬರುತ್ತದೆ.

ಯಾವ ಚಾಕೊಲೇಟ್, ಎಷ್ಟು ಬಿಸಿ

ಮಾರುಕಟ್ಟೆಯಲ್ಲಿ ಎರಡು ಜಾತಿಯ ಚಾಕೊಲೇಟ್ ಗಟ್ಟಿಗಳಿವೆ. ಕೋಕೋ ಬಟರ್, ಅಂದರೆ ಕೋಕೋ ಬೀಜದ ಕೊಬ್ಬು, ಇರುವ ನಿಜವಾದ ಚಾಕೊಲೇಟ್ ಒಂದು. ಅದರ ಬದಲು ತಾಳೆ ಮುಂತಾದ ಸಸ್ಯಜನ್ಯ ಕೊಬ್ಬು ಬೆರೆಸಿದ ಕಾಂಪೌಂಡ್ ಇನ್ನೊಂದು. ರುಚಿಯಲ್ಲಿ ಮೊದಲನೆಯದೇ ಮೇಲು, ಅದರಲ್ಲಿ ಅನುಮಾನವಿಲ್ಲ. ಆದರೆ ಕೋಕೋ ಬಟರ್ ಆರು ಬಗೆಯ ಹರಳುಗಳಾಗಿ ಗಟ್ಟಿಯಾಗಬಲ್ಲದು, ಅವುಗಳಲ್ಲಿ ಐದನೆಯ ಬಗೆಯ ಹರಳು ಕಟ್ಟಿದಾಗ ಮಾತ್ರ ಚಾಕೊಲೇಟಿಗೆ ಹೊಳಪೂ, ಕಚ್ಚಿದರೆ ಟಕ್ಕೆಂದು ಮುರಿಯುವ ಗುಣವೂ ಬರುತ್ತವೆ. ಅದಕ್ಕಾಗಿ ಮಾಡುವ ಹದಗೊಳಿಸುವಿಕೆಯೇ ಟೆಂಪರಿಂಗ್. ಸುಮ್ಮನೆ ಕರಗಿಸಿ ಅದ್ದಿದ ನಿಜ ಚಾಕೊಲೇಟ್ ಗಂಟೆಗಟ್ಟಲೆ ಅಂಟಂಟಾಗಿಯೇ ಇದ್ದು, ಕೊನೆಗೆ ಬೂದು ಗೆರೆಗಳನ್ನು ಬಿಡುತ್ತದೆ.

ಮನೆಯಲ್ಲಿ ಸುಲಭವಾದ ದಾರಿಯೆಂದರೆ ಬೀಜ ಹಾಕುವ ವಿಧಾನ. 500 ಗ್ರಾಂ ಡಾರ್ಕ್ ಚಾಕೊಲೇಟಿನಲ್ಲಿ 350 ಗ್ರಾಂ ಅನ್ನು 45ರಿಂದ 48 ಡಿಗ್ರಿಯವರೆಗೆ ಕರಗಿಸಿ, ಒಲೆಯಿಂದ ಇಳಿಸಿ, ಸಣ್ಣಗೆ ಹೆಚ್ಚಿದ ಉಳಿದ 150 ಗ್ರಾಂ ಅನ್ನು ಸ್ವಲ್ಪಸ್ವಲ್ಪವೇ ಹಾಕುತ್ತಾ, 31ರಿಂದ 32 ಡಿಗ್ರಿಗೆ ಇಳಿಯುವವರೆಗೆ ಕೈಬಿಡದೆ ತಿರುವಬೇಕು. ಕರಗದ ಚೂರುಗಳಲ್ಲಿ ಈಗಾಗಲೇ ಇರುವ ಒಳ್ಳೆಯ ಹರಳುಗಳು ಇಡೀ ಚಾಕೊಲೇಟಿಗೆ ಹದ ಕೊಡುತ್ತವೆ. ಮಿಲ್ಕ್ ಚಾಕೊಲೇಟನ್ನು 29ರಿಂದ 30, ವೈಟ್ ಚಾಕೊಲೇಟನ್ನು 28ರಿಂದ 29 ಡಿಗ್ರಿಗೆ ಇಳಿಸಬೇಕು. ಚಾಕುವಿನ ತುದಿಯನ್ನು ಅದ್ದಿ ಪಕ್ಕಕ್ಕಿಟ್ಟಾಗ ಐದು ನಿಮಿಷದೊಳಗೆ ಗೆರೆಯಿಲ್ಲದೆ ಗಟ್ಟಿಯಾದರೆ ಹದ ಕೂಡಿದೆ ಎಂದರ್ಥ.

ಈ ಕೆಲಸಕ್ಕೆ ಕೋಣೆ 20ರಿಂದ 22 ಡಿಗ್ರಿ ಇದ್ದರೆ ಉತ್ತಮ. ಬೆಂಗಳೂರು, ಮಡಿಕೇರಿ, ಚಿಕ್ಕಮಗಳೂರಿನ ತಂಪು ತಿಂಗಳುಗಳಲ್ಲಿ ಮುಂಜಾನೆಯ ಅಡುಗೆಮನೆ ತಾನಾಗಿಯೇ ಹಾಗಿರುತ್ತದೆ. ಮಂಗಳೂರಿನ ಸೆಕೆಯಲ್ಲಿ, ಏಪ್ರಿಲ್‌ನ ಕಲಬುರಗಿಯಲ್ಲಿ ಎಸಿ ಇಲ್ಲದೆ ಟೆಂಪರಿಂಗ್‌ಗೆ ಕೈಹಾಕುವುದು ಶ್ರಮ ವ್ಯರ್ಥ ಮಾಡಿಕೊಂಡಂತೆ. ಐದನೆಯ ಬಗೆಯ ಹರಳು ಕರಗುವುದೇ 33-34 ಡಿಗ್ರಿಯ ಆಸುಪಾಸಿನಲ್ಲಿ, ಹಾಗಾಗಿ ಬಿಸಿಲಿನ ಮಳಿಗೆಯಲ್ಲಿ ನಿಜ ಚಾಕೊಲೇಟ್ ನಿಲ್ಲುವುದಿಲ್ಲ. ಒಳಾಂಗಣದ ಪಾರ್ಟಿಗೆ ನಿಜ ಚಾಕೊಲೇಟ್, ಬಯಲಿನ ಸಂತೆಗೆ ಕಾಂಪೌಂಡ್ ಎಂದು ವಿಂಗಡಿಸಿಕೊಂಡರೆ ನಿರಾಳ. ಕಾಂಪೌಂಡ್ ತಂದವರು ಹಿಂಜರಿಯಬೇಕಿಲ್ಲ. ಒಳಗಿನ ಬ್ರೌನಿಗೆ ಒಳ್ಳೆಯ ಚಾಕೊಲೇಟ್ ಹಾಕಿದ್ದರೆ ಒಟ್ಟು ರುಚಿ ಚೆನ್ನಾಗಿಯೇ ಬರುತ್ತದೆ. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನಡುವೆ ಬೆಳೆಯುವ ಕೋಕೋವನ್ನು ಕೊಂಡು ಚಾಕೊಲೇಟ್ ಮಾಡುವ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯ ಪುತ್ತೂರಿನ ಕಾರ್ಖಾನೆ 1986ರಿಂದ ನಡೆಯುತ್ತಿದೆ. ನಮ್ಮದೇ ರೈತರ ಬೆಳೆ ಈ ತಿನಿಸಿನೊಳಗೆ ಸೇರುತ್ತದೆ ಎಂಬುದು ಸಂತೋಷದ ಮಾತು.

ಕಾಂಪೌಂಡನ್ನು ಹೆಚ್ಚಿ, ಮೈಕ್ರೊವೇವ್‌ನಲ್ಲಿ ಮಧ್ಯಮ ಶಕ್ತಿಗೆ ಇಟ್ಟು ಮೂವತ್ತು ಸೆಕೆಂಡಿಗೊಮ್ಮೆ ತೆಗೆದು ತಿರುವುತ್ತಾ ಕರಗಿಸಿ, ಸುಮಾರು 40 ಡಿಗ್ರಿಯಲ್ಲಿ ಬಳಸಬೇಕು. ಯಾವ ಜಾತಿಯ ಚಾಕೊಲೇಟಾದರೂ ನೀರಿನ ಹನಿ ತಾಗಕೂಡದು. ಒದ್ದೆ ಚಮಚ ಹಾಕಿದರೆ, ಕೆಳಗಿನ ಪಾತ್ರೆಯ ಹಬೆ ಸೇರಿದರೆ, ನುಣುಪಾಗಿದ್ದ ಚಾಕೊಲೇಟ್ ಕ್ಷಣದಲ್ಲಿ ಗಂಟುಗಂಟಾಗಿ ಬಿಗಿದುಕೊಳ್ಳುತ್ತದೆ, ಮತ್ತೆ ಅದನ್ನು ಹೊದಿಕೆಗೆ ಬಳಸಲಾಗದು. ಅಂಥದ್ದನ್ನು ಎಸೆಯದೆ ಬಿಸಿ ಹಾಲಿಗೆ ಬೆರೆಸಿ ಕುಡಿಯಬಹುದು. ಕಾಂಪೌಂಡ್ ಮಂದವಾಗಿದ್ದರೆ 250 ಗ್ರಾಂಗೆ ಒಂದು ಟೀ ಚಮಚದಷ್ಟು ವಾಸನೆಯಿಲ್ಲದ ಅಡುಗೆ ಎಣ್ಣೆ ಸಾಕು. ನಿಜ ಚಾಕೊಲೇಟಿಗೆ ಕೊಬ್ಬರಿ ಎಣ್ಣೆ ಹಾಕುವ ರೂಢಿಯಿದೆಯಾದರೂ ಅದು ಹೊದಿಕೆಯನ್ನು ಮೆತ್ತಗಾಗಿಸಿ ಬೇಗ ಕರಗುವಂತೆ ಮಾಡುತ್ತದೆ. ತೆಳು ಮಾಡಲೇಬೇಕಾದರೆ ಸ್ವಲ್ಪ ಕೋಕೋ ಬಟರನ್ನೇ ಸೇರಿಸುವುದು ಸರಿ.

ಅದ್ದುವುದು

24 ತುಂಡುಗಳ ಹೊದಿಕೆಗೆ ನಿಜವಾಗಿ ಹಿಡಿಯುವುದು 350 ಗ್ರಾಂ ಆಸುಪಾಸು, ಆದರೂ 500 ಗ್ರಾಂ ಕರಗಿಸಿಕೊಳ್ಳಬೇಕು, ಏಕೆಂದರೆ ಕೊನೆಯ ತುಂಡೂ ಪೂರ್ತಿ ಮುಳುಗುವಷ್ಟು ಆಳ ಬೇಕು. ಅಗಲ ಬಟ್ಟಲಿಗಿಂತ ಎತ್ತರದ ಗಾಜಿನ ಲೋಟ ಇದಕ್ಕೆ ಒಳ್ಳೆಯದು. ಲೋಟವನ್ನು ಉಗುರುಬೆಚ್ಚಗಿನ ನೀರಿನ ಪಾತ್ರೆಯಲ್ಲಿ ನಿಲ್ಲಿಸಿ, ನೀರು ಒಳಗೆ ಚಿಮ್ಮದಂತೆ ನೋಡಿಕೊಂಡರೆ ಚಾಕೊಲೇಟ್ ಬೇಗ ಮಂದವಾಗದು. ನಿಜ ಚಾಕೊಲೇಟಾದರೆ ಆ ನೀರು 32 ಡಿಗ್ರಿ ಮೀರಬಾರದು.

ಬ್ರೌನಿ ತುಂಡುಗಳನ್ನು ಅದ್ದುವ ಐದು ನಿಮಿಷ ಮೊದಲು ಫ್ರಿಜ್‌ನಿಂದ ತೆಗೆಯಬೇಕು, ಆರೇಳು ತುಂಡುಗಳನ್ನಷ್ಟೇ ಒಮ್ಮೆಗೆ ತೆಗೆದರೆ ಸಾಕು. ಫ್ರೀಜರ್‌ನಲ್ಲಿ ಗಡ್ಡೆಗಟ್ಟಿಸಿದ ತುಂಡನ್ನು ಅದ್ದಿದರೆ ಹೊದಿಕೆ ತಕ್ಷಣ ಬಿಗಿದು ಕುಗ್ಗುತ್ತದೆ, ಒಳಗಿನ ಬ್ರೌನಿ ಬಿಸಿಯೇರುತ್ತಾ ಹಿಗ್ಗುತ್ತದೆ, ನಡುವೆ ಸಿಕ್ಕ ಹೊದಿಕೆ ಸೀಳುತ್ತದೆ. ಬಿರುಕಿನ ದೂರು ಹೇಳುವವರಲ್ಲಿ ಹೆಚ್ಚಿನವರ ತೊಂದರೆಗೆ ಕಾರಣ ಇದೇ. ಮಳೆಗಾಲದಲ್ಲಿ, ಕರಾವಳಿಯಲ್ಲಿ ತಣ್ಣನೆಯ ತುಂಡಿನ ಮೇಲೆ ಗಾಳಿಯ ತೇವ ಹನಿಗಟ್ಟುವುದೂ ಉಂಟು. ಹಾಗೆ ಮೈ ಬೆವರಿದ್ದರೆ ಒಣ ಟಿಶ್ಯೂ ಕಾಗದದಿಂದ ಒತ್ತಿ ತೆಗೆದೇ ಅದ್ದಬೇಕು.

ಕಡ್ಡಿಯನ್ನು ನೇರವಾಗಿ ಹಿಡಿದು, ಕಡ್ಡಿಯ ಬುಡವೂ ಒಂದಿಷ್ಟು ಮುಳುಗುವಂತೆ ಒಂದೇ ಸಲಕ್ಕೆ ಇಳಿಸಿ, ಕಲಕದೆ ಮೇಲಕ್ಕೆತ್ತಬೇಕು. ಬುಡ ಮುಚ್ಚಿದರೆ ಗಾಳಿಯೂ ತೇವವೂ ಒಳಹೋಗದೆ ತುಂಡು ಭದ್ರವಾಗಿರುತ್ತದೆ. ಎತ್ತಿದ ಮೇಲೆ ಲೋಟದ ಅಂಚಿನ ಮೇಲೆ ತುಸು ಓರೆಯಾಗಿ ಹಿಡಿದು, ಕಡ್ಡಿ ಹಿಡಿದ ಕೈಯ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಮೆಲ್ಲಗೆ ತಟ್ಟುತ್ತಾ, ಕಡ್ಡಿಯನ್ನು ನಿಧಾನ ತಿರುಗಿಸಬೇಕು. ಕಡ್ಡಿಯನ್ನೇ ಲೋಟಕ್ಕೆ ಬಡಿದರೆ ತುಂಡು ಸಡಿಲವಾಗುತ್ತದೆ. ಹೆಚ್ಚಿನ ಚಾಕೊಲೇಟ್ ದಾರದಂತೆ ಇಳಿದು, ಆಮೇಲೆ ಹನಿಯಾಗಿ, ಹನಿಯೂ ನಿಂತ ಮೇಲೆ ಕೆಳಮೂಲೆಯನ್ನು ಅಂಚಿಗೆ ಒಮ್ಮೆ ಸವರಿ ಪಕ್ಕಕ್ಕಿಡಬೇಕು.

ನಿಲ್ಲಿಸಿ ಒಣಗಿಸಲು ಬೇರೆ ಸ್ಟ್ಯಾಂಡ್ ಕೊಳ್ಳಬೇಕಾಗಿಲ್ಲ. ರಟ್ಟಿನ ಪೆಟ್ಟಿಗೆಯನ್ನು ಬೋರಲು ಹಾಕಿ ಚಾಕುವಿನಿಂದ ಸೀಳಿಕೆ ಮಾಡಿ ಕಡ್ಡಿ ಸಿಕ್ಕಿಸಬಹುದು, ಅಥವಾ ಆಳದ ಡಬ್ಬಿಗೆ ರಾಗಿ ತುಂಬಿ ಅದರಲ್ಲಿ ನೆಡಬಹುದು. ಮೇಲ್ಮೈ ಚಪ್ಪಟೆಯಾದರೂ ಆದೀತು ಎನ್ನುವವರು ಬಟರ್ ಪೇಪರ್ ಮೇಲೆ ಮಲಗಿಸಿದರೆ ಇನ್ನೂ ಸುಲಭ.

ಮೇಲಿನ ಅಲಂಕಾರ

ತಣ್ಣನೆಯ ತುಂಡಿನ ಮೇಲೆ ಕಾಂಪೌಂಡ್ ಒಂದು ನಿಮಿಷದೊಳಗೇ ಬಿಗಿಯುವುದರಿಂದ ಉದುರಿಸಬೇಕಾದದ್ದನ್ನು ಕೈಗೆ ಸಿಗುವಂತೆ ಮೊದಲೇ ಇಟ್ಟುಕೊಳ್ಳಬೇಕು. ಒಬ್ಬರು ಅದ್ದಿ ಇನ್ನೊಬ್ಬರು ಉದುರಿಸಿದರೆ ಅನುಕೂಲ. ಬಣ್ಣದ ಸ್ಪ್ರಿಂಕಲ್ಸ್ (ಸಕ್ಕರೆಯ ಸಣ್ಣ ಕಣಗಳು) ಮಕ್ಕಳಿಗೆ ಇಷ್ಟ, ಆದರೆ ರುಚಿಗೆ ಅದರಿಂದ ಏನೂ ಸೇರುವುದಿಲ್ಲ. ಒರಟಾಗಿ ಕುಟ್ಟಿದ ಶೇಂಗಾ ಚಿಕ್ಕಿ, ಹುರಿದ ಗೋಡಂಬಿ ಚೂರು, ಕೆಂಪಗೆ ಹುರಿದ ಕೊಬ್ಬರಿ ತುರಿ ಡಾರ್ಕ್ ಚಾಕೊಲೇಟಿನ ಕಹಿಗೆ ಬಹಳ ಚೆನ್ನಾಗಿ ಹೊಂದುತ್ತವೆ. ಹರಳುಪ್ಪಿನ ಒಂದೆರಡು ಕಣ ದೊಡ್ಡವರಿಗೆ ಹಿಡಿಸುತ್ತದೆ. ಗೆರೆ ಎಳೆಯುವುದಾದರೆ ಮೊದಲ ಹೊದಿಕೆ ಪೂರ್ತಿ ಗಟ್ಟಿಯಾದ ಮೇಲೆ, ವೈಟ್ ಚಾಕೊಲೇಟನ್ನು ಬಟರ್ ಪೇಪರ್ ಕೋನಿಗೆ ತುಂಬಿ, ತುದಿಯನ್ನು ಕೂದಲೆಳೆಯಷ್ಟೇ ಕತ್ತರಿಸಿ, ಕೈಯನ್ನು ತಡೆಯದೆ ಆಚೀಚೆ ಓಡಿಸಬೇಕು.

ಇಡುವುದು, ಕೊಂಡೊಯ್ಯುವುದು, ಮಾರುವುದು

ಶನಿವಾರ ಸಂಜೆ ಪಾರ್ಟಿಯಿದ್ದರೆ ಗುರುವಾರ ರಾತ್ರಿ ಬೇಯಿಸಿ, ಶುಕ್ರವಾರ ಕತ್ತರಿಸಿ ಅದ್ದಿ, ಶನಿವಾರ ಬೆಳಿಗ್ಗೆ ಕಾಗದ ಸುತ್ತುವುದು ಸರಿಯಾದ ಕ್ರಮ. ಗಾಳಿಯಾಡದ ಡಬ್ಬಿಯಲ್ಲಿ ತಂಪು ಜಾಗದಲ್ಲಿ ಮೂರು ದಿನ, ಫ್ರಿಜ್‌ನಲ್ಲಿ ಒಂದು ವಾರ ಚೆನ್ನಾಗಿರುತ್ತದೆ. ಫ್ರಿಜ್‌ನಿಂದ ತೆಗೆದ ಡಬ್ಬಿಯ ಮುಚ್ಚಳವನ್ನು ಕೂಡಲೇ ತೆರೆಯಬಾರದು. ಮುಚ್ಚಿದಂತೆಯೇ ಒಂದು ಗಂಟೆ ಹೊರಗಿಟ್ಟರೆ ತೇವ ಡಬ್ಬಿಯ ಹೊರಮೈಗೆ ಕೂರುತ್ತದೆ, ಇಲ್ಲವಾದರೆ ಚಾಕೊಲೇಟಿನ ಮೇಲೆ ಕೂತು ಸಕ್ಕರೆಯನ್ನು ಮೇಲೆಳೆದು ಬಿಳಿ ಮಚ್ಚೆ ಮಾಡುತ್ತದೆ.

ಮಳಿಗೆಯಲ್ಲಿ ಮಾರುವುದಾದರೆ ಒಂದೊಂದನ್ನೂ ಬೇರೆಬೇರೆಯಾಗಿ ಕಾಗದದಲ್ಲಿ ಸುತ್ತಿ, ಮೈದಾ, ಹಾಲು, ಸೋಯಾ, ಮೊಟ್ಟೆ, ಶೇಂಗಾ, ಗೋಡಂಬಿ ಇವುಗಳಲ್ಲಿ ಏನೇನಿದೆ ಎಂಬುದನ್ನೂ ತಯಾರಿಸಿದ ದಿನಾಂಕವನ್ನೂ ಬರೆದು ಅಂಟಿಸಬೇಕು. ನಿಯಮದ ಪ್ರಕಾರ ಮೊಟ್ಟೆ ಇರುವ ತಿನಿಸು ಕಂದು ತ್ರಿಕೋನದ ಗುರುತಿಗೆ, ಮೊಟ್ಟೆಯಿಲ್ಲದ್ದು ಹಸಿರು ಚುಕ್ಕೆಗೆ ಸೇರುತ್ತದೆ. ಎರಡೂ ಬಗೆ ಇದ್ದರೆ ಬೇರೆ ಬೇರೆ ತಟ್ಟೆ, ಬೇರೆ ಬಣ್ಣದ ದಾರ ಇರಲಿ. ನಿಯಮಿತವಾಗಿ ಮಾರುವ ಉದ್ದೇಶವಿರುವವರು ಎಫ್‌ಎಸ್‌ಎಸ್‌ಎಐ (ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ) ನೋಂದಣಿ ಮಾಡಿಸಿಕೊಳ್ಳಬೇಕು. ಮೂರು ವರ್ಷದೊಳಗಿನ ಮಗುವಿಗೆ ಕಡ್ಡಿ ತೆಗೆದು, ತುಂಡನ್ನು ಮುರಿದು ಕೊಡುವಂತೆ ತಾಯಂದಿರಿಗೆ ಹೇಳುವುದು ಮಾರುವವರ ಹೊಣೆ.

ಬೆಲೆ ಕಟ್ಟುವಾಗ ಚಾಕೊಲೇಟು ಬೆಣ್ಣೆಯ ಖರ್ಚನ್ನಷ್ಟೇ ಕೂಡಿಸದೆ ಕಡ್ಡಿ, ಕಾಗದ, ವಿದ್ಯುತ್ತು, ಹಾಳಾಗುವ ತುಂಡುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. 24 ಕಡ್ಡಿಗೆ ಒಟ್ಟು 720 ರೂಪಾಯಿ ಬಿದ್ದಿದೆ ಎಂದುಕೊಂಡರೆ ಒಂದರ ಖರ್ಚು 30 ರೂಪಾಯಿ ಎನ್ನಿಸುತ್ತದೆ, ಆದರೆ ಎರಡು ತುಂಡು ಕೆಡುತ್ತವೆ ಎಂದು ಹಿಡಿದು 22ರಿಂದ ಭಾಗಿಸಿದರೆ ಅದು ಸುಮಾರು 33ಕ್ಕೆ ಏರುತ್ತದೆ. ತಮ್ಮ ದುಡಿಮೆಗೆ ಬೆಲೆ ಸೇರಿಸಬೇಕಾದದ್ದು ಇದರ ಮೇಲೆ. ಚಿಲ್ಲರೆಯ ತಾಪತ್ರಯವಿಲ್ಲದಂತೆ 50 ಅಥವಾ 60 ರೂಪಾಯಿಯಂಥ ದುಂಡು ಬೆಲೆ ಇಟ್ಟು, ಯುಪಿಐ ಕ್ಯೂಆರ್ ಕೋಡನ್ನು ಮೇಜಿನ ಮುಂದೆ ಕಾಣುವಂತೆ ನಿಲ್ಲಿಸಬೇಕು. ಮೇಜಿನ ಮೇಲೆ ಎಂಟು ಹತ್ತು ಕಡ್ಡಿಗಳನ್ನಷ್ಟೇ ನೆರಳಿನಲ್ಲಿ ಪ್ರದರ್ಶನಕ್ಕಿಟ್ಟು, ಉಳಿದವನ್ನು ಮೇಜಿನ ಕೆಳಗೆ ಐಸ್ ಪ್ಯಾಕ್ ಇರುವ ಥರ್ಮಲ್ ಚೀಲದಲ್ಲಿ, ಐಸ್‌ಗೂ ಡಬ್ಬಿಗೂ ನಡುವೆ ದಪ್ಪ ಟವೆಲ್ ಹಾಕಿ ಇಟ್ಟು, ಮಾರಾಟವಾದಂತೆ ಒಂದೊಂದೇ ಡಬ್ಬಿಯನ್ನು ಮೇಲೆ ತರಬೇಕು.